ಎಡಗಣ್ಣಿನ ಆಕಾಶ

ಡಾಕ್ಟರಿಗೆ ನಮಸ್ಕಾರ.

ಕಾರಣ ಹೇಳದೆ, ಎಡಗಣ್ಣಿನ ಆಪರೇಷನ್ ಮುಂದೂಡಿ ಎಂದಷ್ಟೇ ಬರೆದು ಸುಮ್ಮನಾಗುವವಳಿದ್ದೆ. ನೀವು ಪೊರೆ ತೆಗೆದ ಬಲಗಣ್ಣಿಗೆ ಈಗ ಆಕಾಶ ಅಚ್ಚ ನೀಲಿ. ಎಡಗಣ್ಣಿಗೆ ಇನ್ನೂ ಮಾಸಿದ ಹಳದಿ. ಒಂದೊಂದೇ ಕಣ್ಣು ಮುಚ್ಚಿ ನಾನೇ ಬರೆದ ಚಿತ್ರಗಳನ್ನು ನೋಡಿ ದಂಗಾದೆ.

“ನಿನ್ನ ಆಕಾಶಕ್ಕೆ ಯಾವಾಗ್ಲೂ ಟೀ ಚೆಲ್ಲಿರ್ತಿತ್ತು ಚಿಕ್ಕಮ್ಮ, ನಾವು ಸ್ಟೈಲ್ ಅನ್ಕೊಂಡಿದ್ವಿ” ಎಂದು ಅಕ್ಕನ ಮಗಳು ನಕ್ಕಳು.

ನಾನು ಕಂಡದ್ದನ್ನೇ ಬರೆದಿದ್ದೆ. ಹಾಗಾದರೆ ಇಷ್ಟು ವರ್ಷ ಜನ ನನ್ನ ಕಣ್ಣೊಳಗಿನ ಬೆಳಕನ್ನೇ ತಮ್ಮ ಗೋಡೆಗೆ ನೇತುಹಾಕಿಕೊಂಡಿದ್ದರೇ?

ಆ ಹಳದಿ ಹೋದರೆ ಮತ್ತೆ ಬಾರದು. ಎರಡೂ ಆಕಾಶಗಳನ್ನು ಒಂದೇ ಕ್ಯಾನ್ವಾಸಿಗೆ ತರುವವರೆಗೆ, ದಯವಿಟ್ಟು ಒಂದು ತಿಂಗಳು ಎಡಗಣ್ಣನ್ನು ಹಾಗೇ ಬಿಡಿ.

ಇಂತಿ,
ನಿಮ್ಮ ಚಿತ್ರಗಾರ್ತಿ

ತಾ.ಕ.: ಇದು ಹುಚ್ಚೇ ಎಂದು ನಾನೇ ಎರಡೂ ಕಣ್ಣಿನಿಂದ ಇನ್ನೊಮ್ಮೆ ಓದಿ ನೋಡಿ, ಆಪರೇಷನ್ನಿಗೆ ಮೊದಲೇ ನಿಮ್ಮ ಕೈ ಸೇರುವಂತೆ ಮಾರ್ಚ್ ಹದಿನಾಲ್ಕಕ್ಕೆ ಅಂಚೆಗೆ ಹಾಕುತ್ತೇನೆ.