ಕಾಲು ಮುಟ್ಟಬೇಡಿ ಅಂದವನು ನಾನು

ದೊಡ್ಡಬಳ್ಳಾಪುರ
ಭಾನುವಾರ, 16 ನವೆಂಬರ್ 2025

ನನ್ನ ಮುದ್ದು ಸೊಸೆ ಅಕ್ಷತಳಿಗೆ, ನಿನ್ನ ಸೋದರಮಾವ ಪಿಳ್ಳಣ್ಣ ಹರಸಿ ಬರೆಯುವುದು.

ಕಾಗದ ಬಂದಿದ್ದು ನೋಡಿ ನಗಬೇಡ. ತೂಬಗೆರೆಗೆ ಬಸ್ಸು ಹತ್ತಿದರೆ ಅರ್ಧ ಗಂಟೆ, ಜೇಬಲ್ಲಿ ಫೋನು ಬೇರೆ ಇದೆ, ಈ ಮುದುಕನಿಗೆ ಏನು ಬಂತು ಅಂತ ನಿಮ್ಮಮ್ಮನ ಹತ್ತಿರ ಹೇಳುತ್ತೀಯ, ಗೊತ್ತು. ಫೋನು ಹಿಡಿದರೆ ನನ್ನ ಬಾಯಿ ನನ್ನ ಮಾತು ಕೇಳಲ್ಲ ಕಣಮ್ಮ. ಹಲೋ ಅನ್ನುತ್ತಲೇ ಒಂದು ತಮಾಷೆ ಮಾಡಿಬಿಡುತ್ತೀನಿ, ನೀನು ನಗುತ್ತೀಯ, ಅಲ್ಲಿಗೆ ಮಾತು ಮುಗಿದೇ ಹೋಗುತ್ತೆ. ಈ ವಾರ ನಾಲ್ಕು ಸಲ ಹಾಗೇ ಆಯಿತು. ನಾಲ್ಕು ಸಲ ಫೋನು ಮಾಡಿ ಊಟ ಆಯ್ತಾ ಅಂತ ಕೇಳಿದ ಮಾವ ಇನ್ನೊಬ್ಬ ಇದ್ದಾನಾ?

ತೂಬಗೆರೆ ಶಾಲೆಯಲ್ಲಿ ಏಳನೇ ಕ್ಲಾಸಿನ ತನಕ ಓದಿದವನು ನಾನು. ನನ್ನ ಅಕ್ಷರ ನೋಡಿ ಮೇಷ್ಟ್ರು ಬೋರ್ಡು ಬರೆಯೋದಕ್ಕೆ ನನ್ನನ್ನೇ ಕರೆಯುತ್ತಿದ್ದರು. ಆ ಅಕ್ಷರದಲ್ಲಿ ಒಂದು ವಿಷಯ ಬರೆಯಬೇಕು ಅಂತ ಬೆಳಿಗ್ಗೆಯಿಂದ ಕೂತಿದ್ದೀನಿ. ಎರಡು ಸಲ ಟೀ ಕುಡಿದು ಬಂದೆ. ಮಗ್ಗದ ಶೆಡ್ಡಿಗೆ ಇವತ್ತು ರಜ, ಹಾಗಾಗಿ ತಪ್ಪಿಸಿಕೊಳ್ಳೋಕೆ ಬೇರೆ ನೆಪ ಇಲ್ಲ.

ಹೋದ ಭಾನುವಾರ ನಿಮ್ಮ ಮನೆಗೆ ಬಂದಿದ್ದೆನಲ್ಲ, ನೀನು ಒಲೆ ಮೇಲಿನ ಪಾತ್ರೆ ಇಳಿಸಿದೆ. ಬಲಗೈ ತೋರುಬೆರಳಿನ ತುದಿ ಸುಟ್ಟು ಚರ್ಮ ಬೆಳ್ಳಗಾಯಿತು. ವಾಸನೆಗೆ ಮೊದಲು ಗೊತ್ತಾಗಿದ್ದು ನನಗೆ, ನಿನಗಲ್ಲ. ನಾನು ಕೂಗಿಕೊಂಡ ಮೇಲೆ ನೀನು ಬೆರಳು ನೋಡಿಕೊಂಡೆ. ಅಯ್ಯೋ, ನೋವೇ ಇಲ್ಲ ಮಾವ, ಒಳ್ಳೇದೇ ಆಯ್ತು ಬಿಡು ಅಂತ ನಕ್ಕೆ. ಎಡಗೈಯಲ್ಲಿ ನೀರು ಹುಯ್ದುಕೊಂಡೆ. ಆಮೇಲೆ ಇಪ್ಪತ್ತೆಂಟನೇ ತಾರೀಕು ಶುಕ್ರವಾರ ಬೆಂಗಳೂರಿಗೆ ನನ್ನ ಜೊತೆ ಬಾ, ಡಾಕ್ಟರ್ ಮನೋಹರ್ ಇನ್ನೊಂದು ಆಪರೇಷನ್ ಹೇಳಿದ್ದಾರೆ, ಮಾಡಿಸಿಕೊಳ್ಳಬೇಕೋ ಬೇಡವೋ ನೀನೇ ಹೇಳು, ನೀನು ಹೇಳಿದ ಹಾಗೆ ಮಾಡ್ತೀನಿ ಅಂದೆ.

ಆ ಮಾತು ಹೇಳಿದೆಯಲ್ಲ, ಅದಕ್ಕೇ ಈ ಕಾಗದ.

ನಿನ್ನ ಕೈ ವಿಷಯದಲ್ಲಿ ನಾನು ಹೇಳಿದ ಹಾಗೆ ಒಂದು ಸಲ ಆಗಿದೆ ಕಣಮ್ಮ. ನಿನಗೆ ಗೊತ್ತಿಲ್ಲ. ಆಗ ನೀನು ಒಳಗೆ ಎಚ್ಚರ ಇಲ್ಲದೆ ಮಲಗಿದ್ದೆ.

ಮೊದಲಿಂದ ಹೇಳುತ್ತೀನಿ. ನೀನು ರಕ್ತ ತೆಗೆಯೋ ಕೆಲಸಕ್ಕೆ ಹೋಗುತ್ತಿದ್ದ ಲ್ಯಾಬಿನ ಕಿಟಕಿ ಗಾಜು ಒಡೆದು ನಿನ್ನ ಬಲಗೈ ಮಣಿಕಟ್ಟು ಕುಯ್ದುಕೊಂಡಾಗ ಚರ್ಮಕ್ಕೆ ಹೊಲಿಗೆ ಹಾಕಿ ಕಳಿಸಿದರು. ಒಳಗೆ ನರ ತುಂಡಾಗಿದ್ದು ಎರಡು ತಿಂಗಳು ಯಾರ ತಲೆಗೂ ಹೊಳೆಯಲಿಲ್ಲ. ಬೆರಳು ಜೋಮು ಹಿಡಿದಿದೆ, ಸರಿಹೋಗುತ್ತೆ ಅಂದುಕೊಂಡೆವು. ಆಮೇಲೆ ಬೆಂಗಳೂರಿಗೆ ಹೋದೆವು. ಮನೋಹರ್ ಡಾಕ್ಟರು ಪರೀಕ್ಷೆ ಮಾಡಿ, ನರದ ಎರಡು ತುದಿ ದೂರ ಸರಿದಿವೆ, ನಡುವೆ ಒಂದು ಸೆಂಟಿಮೀಟರ್ ಇರಬಹುದು, ಕೊಲಾಜನ್ ನಳಿಕೆ ಹಾಕಿ ಎರಡು ತುದಿ ಅದರೊಳಗೆ ಸೇರಿಸುತ್ತೀನಿ, ನರ ಅದರೊಳಗೇ ಬೆಳೆದುಕೊಂಡು ಹೋಗುತ್ತೆ, ನಳಿಕೆ ತಾನೇ ಕರಗುತ್ತೆ ಅಂದರು. ನೀನು ರುಜು ಹಾಕಿದೆ. ಕೊಲಾಜನ್ ಅಂದರೆ ದನದ ಮೈಯಿಂದ ತೆಗೆದ ಪದಾರ್ಥ ಅಂತ ಅವರು ನನ್ನ ಕಿವಿಯಲ್ಲಿ ಹೇಳಿದ್ದರು. ನಿಮ್ಮಮ್ಮ ಆದಿಲಕ್ಷ್ಮಮ್ಮನಿಗೆ ನಾನು ಅಮೆರಿಕದ ಪ್ಲಾಸ್ಟಿಕ್ಕು ಅಂದುಬಿಟ್ಟೆ. ಅವಳ ಮಡಿ ನಿನಗೆ ಗೊತ್ತಲ್ಲ. ನೀನೂ ಹೇಳಬೇಡ.

ನಿನ್ನನ್ನು ಒಳಗೆ ಕರೆದುಕೊಂಡು ಹೋಗುವಾಗ ನನ್ನ ಕೈ ಹಿಡಿದು, ಏನಾದರೂ ಕೇಳಿದರೆ ನೀನೇ ಹೇಳು ಮಾವ, ಅಮ್ಮ ಗಾಬರಿಯಾಗ್ತಾಳೆ ಅಂದಿದ್ದೆ. ನಿಮ್ಮಪ್ಪ ಹೋದ ಮೇಲೆ ನಿಮ್ಮಿಬ್ಬರಿಗೂ ಹಿರಿಯ ಅಂತ ಇರೋನು ನಾನೊಬ್ಬನೇ. ಎದೆ ಉಬ್ಬಿಸಿಕೊಂಡು ಬಾಗಿಲಲ್ಲಿ ನಿಂತೆ.

ಒಂದು ಗಂಟೆ ಆಗಿತ್ತೇನೋ. ನಿಮ್ಮಮ್ಮ ಕೆಳಗೆ ಗಣಪತಿ ಮುಂದೆ ಕೂತಿದ್ದಳು. ಡಾಕ್ಟರು ಹಸಿರು ಬಟ್ಟೆಯಲ್ಲೇ ಹೊರಗೆ ಬಂದು, ಹಿರಿಯರು ಯಾರಿದ್ದೀರಿ ಅಂದರು. ನಾನು ಮುಂದೆ ಹೋದೆ. ತೋರುಬೆರಳು ಹೆಬ್ಬೆರಳು ಅಗಲಿಸಿ ತೋರಿಸಿದರು. ತುದಿಗಳಲ್ಲಿ ಗಾಯ ಗಟ್ಟಿಯಾಗಿತ್ತು, ಅದನ್ನು ಕತ್ತರಿಸಿದ ಮೇಲೆ ಅಂತರ ಮೂರು ಸೆಂಟಿಮೀಟರಿಗೂ ಮೇಲೆ ಬಂತು, ಇಷ್ಟು ದೂರಕ್ಕೆ ಕಾಲಿನ ಹಿಂದೆ ಇರೋ ಒಂದು ನರ ತೆಗೆದು ಹಾಕೋದು ಒಳ್ಳೇದು ಅಂದರು. ಕಾಲಿಗೆ ಏನಾಗುತ್ತೆ ಅಂದೆ. ಪಾದದ ಹೊರ ಅಂಚಿನಲ್ಲಿ ಅಂಗೈ ಅಗಲ ಜೋಮು ಉಳಿಯುತ್ತೆ, ನಡೆಯೋಕೆ ಏನೂ ತೊಂದರೆ ಇಲ್ಲ, ಮೀನಖಂಡದ ಹತ್ತಿರ ಗೀರು ಇರುತ್ತೆ ಅಂದರು. ಇವಳು ರುಜು ಹಾಕಿದ ಕಾಗದದಲ್ಲಿ ಕಾಲಿನ ವಿಷಯ ಇಲ್ಲ, ಅದಕ್ಕೇ ನಿಮ್ಮನ್ನು ಕೇಳ್ತಿದ್ದೀನಿ ಅಂದರು.

ಈಗ ಕೇಳು ನಿನ್ನ ಮಾವನ ಜಾಣತನ.

ದೊಡ್ಡಬಳ್ಳಾಪುರದಲ್ಲಿ ನನ್ನಷ್ಟು ಬೇಗ ಕೆಚ್ಚುವವನು ಇಲ್ಲ ಅಂತ ನೀನು ಚಿಕ್ಕವಳಾಗಿದ್ದಾಗಿಂದ ಕೇಳಿ ಕೇಳಿ ನಿನ್ನ ಕಿವಿ ತೂತಾಗಿದೆ. ಮಗ್ಗದಲ್ಲಿ ಮುಗಿದ ಹಾಸಿನ ಎಳೆಗೆ ಹೊಸ ಹಾಸಿನ ಎಳೆ ಒಂದೊಂದಾಗಿ ಬೂದಿ ಮುಟ್ಟಿಕೊಂಡು ಹೊಸೆಯೋದು ನನ್ನ ಕೆಲಸ. ನಾಲ್ಕು ಸಾವಿರ ಎಳೆ ಇದ್ದರೂ ಒಂದು ತಪ್ಪಲ್ಲ. ನಮ್ಮ ಕೆಲಸದಲ್ಲಿ ಒಂದು ಕಟ್ಟಳೆ ಇದೆ. ಎಳೆ ಹರಿದು ಮೋಟಾದರೆ ಮಿಕ್ಕಿದ ಚೂರು ಎಳೆ ತಂದು ಸೇರಿಸುತ್ತೀವಿ. ನೇಯ್ದ ಸೀರೆಯಿಂದ ಎಳೆ ಕೀಳೋ ಹಾಗಿಲ್ಲ. ಕಿತ್ತವನನ್ನು ಮಾಲೀಕ ಆವತ್ತೇ ಆಚೆಗೆ ಕಳಿಸುತ್ತಾನೆ. ಕೆಟ್ಟಿರೋದು ಒಂದು ಸೀರೆ, ಅದನ್ನು ಎರಡು ಮಾಡಬೇಡ ಅಂತ ನನಗೆ ಕೆಲಸ ಕಲಿಸಿದವರು ಹೇಳಿದ್ದು.

ಇದನ್ನು ಆ ಡಾಕ್ಟರಿಗೆ ಹೇಳಿದೆ ಕಣಮ್ಮ. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನಿಂತು, ನೀನು ಕೈ ಬಿಚ್ಚಿಸಿಕೊಂಡು ಒಳಗೆ ಮಲಗಿರುವಾಗ, ಮಗ್ಗದ ಪಾಠ ಹೇಳಿದೆ. ಕಾಲು ಮುಟ್ಟಬೇಡಿ ಸಾರ್, ಚೆನ್ನಾಗಿರೋದನ್ನ ಯಾಕೆ ಕೆಡಿಸ್ತೀರಿ, ನಳಿಕೆ ಉದ್ದದ್ದು ಹಾಕಿ ಅಂದೆ.

ಅವರು ಸಿಟ್ಟು ಮಾಡಿಕೊಳ್ಳಲಿಲ್ಲ. ನರ ದಾರ ಅಲ್ಲ ಪಿಳ್ಳಣ್ಣನವರೇ, ಅದು ಮೊಳಕೆ ಇದ್ದ ಹಾಗೆ, ದಿನಕ್ಕೆ ಒಂದು ಮಿಲಿಮೀಟರ್ ಬೆಳೆಯುತ್ತೆ, ಅದಕ್ಕೆ ದಾರಿ ಬೇಕು ಅಂದರು. ಕಾಲಿನ ನರದೊಳಗೆ ಆ ದಾರಿ ಮೊದಲೇ ಇರುತ್ತೆ, ನಳಿಕೆ ಒಳಗೆ ಖಾಲಿ, ದೂರ ಹೆಚ್ಚಾದರೆ ಮೊಳಕೆ ನಡುವೆಯೇ ದಾರಿ ತಪ್ಪುತ್ತೆ ಅಂದರು. ಬೆರಳಿನ ಸಣ್ಣ ನರಕ್ಕೆ, ಅಂತರ ಚಿಕ್ಕದಿದ್ದರೆ, ಈ ನಳಿಕೆ ಚೆನ್ನಾಗಿ ಕೆಲಸ ಮಾಡಿದೆ, ಜನರ ಮೇಲೆ ಪರೀಕ್ಷೆ ಮಾಡಿ ಬರೆದಿದ್ದಾರೆ. ಇಂಥ ದೊಡ್ಡ ನರಕ್ಕೆ, ಇಷ್ಟು ದೂರಕ್ಕೆ ಹಾಕಿ ನೋಡಿದ ರೋಗಿಗಳೇ ಕಡಿಮೆ, ಕೆಲವರಿಗೆ ಬಂತು, ಬಹಳ ಜನಕ್ಕೆ ಬರಲಿಲ್ಲ, ನನ್ನ ಹತ್ತಿರ ಗಟ್ಟಿ ಪುರಾವೆ ಇಲ್ಲ ಅಂದರು. ಇದನ್ನೆಲ್ಲ ಎರಡು ಸಲ ಹೇಳಿದರು. ಎರಡನೇ ಸಲ ನಿಧಾನವಾಗಿ ಹೇಳಿದರು, ದಡ್ಡನಿಗೆ ಹೇಳೋ ಹಾಗೆ. ಅದೇ ನನಗೆ ಚುಚ್ಚಿತು.

ಎಲ್ಲ ಅರ್ಥ ಆಯ್ತು ಸಾರ್, ಕಾಲು ಬೇಡ ಅಂದೆ.

 ರುಜು ಇಲ್ಲದೆ ಕಾಲು ಮುಟ್ಟೋ ಹಾಗಿಲ್ಲ ಅಂತ ಡಾಕ್ಟರು ತಮ್ಮಷ್ಟಕ್ಕೆ ಅಂದುಕೊಂಡು ಒಳಗೆ ಹೋದರು. ನಿನಗೆ ಎಚ್ಚರ ಆದ ಮೇಲೆ, ಎಲ್ಲ ಚೆನ್ನಾಗಿ ಆಯ್ತು, ಡಾಕ್ಟರೇ ನಳಿಕೆ ಸಾಕು ಅಂದರು ಅಂತ ಹೇಳಿದವನು ನಾನು. ನಿಮ್ಮಮ್ಮನಿಗೂ ಅದನ್ನೇ ಹೇಳಿದೆ. ಮಾರನೇ ದಿನ ಶೆಡ್ಡಿನಲ್ಲಿ ಮಾಲೀಕ ಆದಿನಾರಾಯಣಪ್ಪನ ಮುಂದೆ, ಬೆಂಗಳೂರಿನ ಡಾಕ್ಟರಿಗೇ ಕೆಚ್ಚೋದು ಹೇಳಿಕೊಟ್ಟು ಬಂದೆ, ಹುಡುಗಿ ಕಾಲು ಉಳಿಸಿದೆ ಅಂದೆ. ಅವನು, ಲೇ ಪಿಳ್ಳ, ನೀನು ಡಾಕ್ಟರಾಗಬೇಕಿತ್ತು ಕಣೋ, ಮಗ್ಗ ಉಳೀತಿತ್ತು ಅಂತ ಕಿಚಾಯಿಸಿದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ.

ಎರಡೂವರೆ ವರ್ಷ ಆಗಿಹೋಯಿತು. ಹೆಬ್ಬೆರಳ ಬುಡದಲ್ಲಿ ಇರೋ ಮಾಂಸ ಬತ್ತಿ ಚಪ್ಪಟೆಯಾಗಿದೆ. ಹೆಬ್ಬೆರಳು ಬೇರೆ ಬೆರಳಿನ ಎದುರಿಗೆ ಬರೋದೇ ಇಲ್ಲ. ರಕ್ತ ತೆಗೆಯೋದರಲ್ಲಿ ನಿನ್ನಷ್ಟು ಹಗುರದ ಕೈ ಆ ಲ್ಯಾಬಿನಲ್ಲಿ ಇನ್ನೊಬ್ಬರದು ಇರಲಿಲ್ಲ. ಸೂಜಿಗೆ ಹೆದರಿ ಓಡಿಹೋಗೋ ಮುದುಕಿಯರು ಕೂಡ ಅಕ್ಷತ ಇದ್ದಾಳಾ ಅಂತ ಕೇಳಿಕೊಂಡು ಬರುತ್ತಿದ್ದರು. ಬೆರಳ ತುದಿ ಇಟ್ಟರೆ ಸಾಕು, ರಕ್ತನಾಳ ತಾನೇ ಮಾತಾಡುತ್ತೆ ಮಾವ ಅಂತ ನೀನೇ ಹೇಳಿದ್ದೆ. ಈಗ ಅದೇ ಲ್ಯಾಬಿನಲ್ಲಿ ಬಾಗಿಲ ಹತ್ತಿರ ಕೂತು ಎಡಗೈಯಲ್ಲಿ ಚೀಟಿ ಬರೀತೀಯ. ಹೋದ ತಿಂಗಳು ಅಲ್ಲಿಗೆ ಬಂದಿದ್ದೆ, ನೀನು ನೋಡಲಿಲ್ಲ. ಅರ್ಪಿತ ಅನ್ನೋ ಹೊಸ ಹುಡುಗಿ ಒಬ್ಬ ಮುದುಕಪ್ಪನಿಗೆ ಮೂರು ಸಲ ಚುಚ್ಚಿದಳು. ನೀನು ಚೀಟಿ ಬಿಟ್ಟು ಎದ್ದು ಹೋಗಿ ಅವನ ತೋಳ ಮೇಲೆ ಬೆರಳಿಟ್ಟೆ. ಸ್ವಲ್ಪ ಹೊತ್ತು ಹಾಗೇ ನಿಂತೆ. ಆಮೇಲೆ ಬೆರಳು ತೆಗೆದು ವಾಪಸ್ಸು ಬಂದು ಕೂತೆ. ನಾನು ಒಳಗೆ ಬರಲಿಲ್ಲ, ಹಾಗೇ ಬಸ್ ಸ್ಟ್ಯಾಂಡಿಗೆ ನಡೆದೆ.

ಇಷ್ಟರ ಮೇಲೆ ನೀನು ಹೋದ ಭಾನುವಾರ ಹೇಳಿದ್ದೇನು? ನಾನೇ ಸರಿಯಾಗಿ ವ್ಯಾಯಾಮ ಮಾಡಲಿಲ್ಲವೇನೋ ಮಾವ, ನನ್ನ ಮೈಯೇ ಹೀಗೇನೋ ಅಂದೆ. ವರ್ಷವೆಲ್ಲ ರಾಗಿ ಹಿಟ್ಟಿನ ಉಂಡೆ ಹಿಚುಕಿ ಹಿಚುಕಿ ಅತ್ತವಳು ನೀನು. ನಿನ್ನ ಮೈಯಲ್ಲಿ ತಪ್ಪಿಲ್ಲ ತಾಯಿ. ವ್ಯಾಯಾಮದಲ್ಲೂ ತಪ್ಪಿಲ್ಲ. ಆ ಡಾಕ್ಟರದ್ದೂ ಅಲ್ಲ.

ಬುಧವಾರ ಯಾರಿಗೂ ಹೇಳದೆ ಅವರ ಹತ್ತಿರ ಹೋಗಿದ್ದೆ. ನನ್ನ ಗುರುತು ಸಿಕ್ಕಿತು ಅವರಿಗೆ. ಮಗ್ಗದವರು ಅಂದರು. ನನಗೆ ಬೇಕಾಗಿದ್ದು ಒಂದೇ ಮಾತು. ಕಾಲಿನ ನರ ಹಾಕಿದ್ದರೂ ಕೈ ಬರುತ್ತಿರಲಿಲ್ಲ ಅಂತ ಹೇಳಿಬಿಡಿ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ ಅಂದೆ. ಅವರು ಸುಳ್ಳು ಹೇಳಲಿಲ್ಲ. ಖಾತ್ರಿ ಯಾವುದಕ್ಕೂ ಇಲ್ಲ, ಎರಡು ತಿಂಗಳು ತಡ ಬೇರೆ ಆಗಿತ್ತು, ಪೂರ್ತಿ ಮೊದಲಿನ ಹಾಗೆ ಆಗುತ್ತಿರಲಿಲ್ಲ, ಆದರೆ ಬೆರಳಿಗೆ ಸ್ವಲ್ಪ ಸ್ಪರ್ಶ ಬರೋ ಅವಕಾಶ ಅದರಲ್ಲಿ ಹೆಚ್ಚಿತ್ತು ಅಂದರು. ಎಷ್ಟು ಹೆಚ್ಚು ಅಂತ ಕೇಳಲಿಲ್ಲ. ಕೇಳೋ ಧೈರ್ಯ ಬರಲಿಲ್ಲ.

ಈಗ ಹೇಳಿರೋ ಆಪರೇಷನ್ ಬೇರೆ. ಉಂಗುರದ ಬೆರಳು ಮಡಿಸೋದಕ್ಕೆ ಎರಡು ಸ್ನಾಯುರಜ್ಜು ಇವೆಯಂತೆ, ಅದರಲ್ಲಿ ಒಂದನ್ನು ತಂದು ಹೆಬ್ಬೆರಳಿಗೆ ಕಟ್ಟುತ್ತಾರಂತೆ. ಸ್ಪರ್ಶ ಬರಲ್ಲ, ಆದರೆ ಹೆಬ್ಬೆರಳು ಎದುರಿಗೆ ಬರುತ್ತಂತೆ, ಲೋಟ ಹಿಡಿಯಬಹುದು, ಪೆನ್ನು ಹಿಡಿಯಬಹುದು. ಚೆನ್ನಾಗಿರೋ ಬೆರಳನ್ನು ಯಾಕೆ ಕೆಡಿಸಿಕೊಳ್ಳಲಿ ಅಂತ ನೀನು ಹೆದರಿದ್ದೀಯ. ಆ ಹೆದರಿಕೆ ನಾನು ಕಲಿಸಿದ್ದು, ನನ್ನ ಬಾಯಿಂದ ಕೇಳಿ ಬಂದಿದ್ದು. ಆದರೂ ಮಾಡಿಸಿಕೋ ಅಂತ ನಾನು ಹೇಳಲ್ಲ. ಬೇಡ ಅಂತಲೂ ಹೇಳಲ್ಲ. ನೀನೇ ಅವರ ಎದುರಿಗೆ ಕೂತುಕೋ. ಎಷ್ಟು ಜನಕ್ಕೆ ಮಾಡಿದ್ದೀರಿ, ಎಷ್ಟು ಜನಕ್ಕೆ ಸರಿಹೋಯಿತು, ಹೋಗದಿದ್ದರೆ ಏನು ಅಂತ ಕೇಳು. ಒಳಗೆ ಹೋದ ಮೇಲೆ ಬೇರೆ ಏನಾದರೂ ಬೇಕಾದರೆ ಮಾಡಬಹುದೋ ಬೇಡವೋ ಅಂತ ನೀನೇ ಮೊದಲೇ ಬರೆದು ರುಜು ಹಾಕು. ಎಡಗೈಯಲ್ಲೇ ಹಾಕು. ಬಾಗಿಲಲ್ಲಿ ನಿಲ್ಲೋ ಹಿರಿಯನಿಗೆ ಏನೂ ಬಿಡಬೇಡ.

ಬಸ್ ಸ್ಟ್ಯಾಂಡಿನ ತನಕ ಬರುತ್ತೀನಿ, ನೀನು ಬಾ ಅಂದರೆ. ಆಸ್ಪತ್ರೆ ಒಳಗೆ ಬರಲ್ಲ.

ಕ್ಷಮಿಸು ಅಂತ ಬರೆಯೋಕೆ ಹೋಗಿ ಹೊಡೆದುಹಾಕಿದ್ದೀನಿ, ಮೇಲೆ ಮಸಿ ಮಾಡಿರೋದು ಅದೇ. ಕ್ಷಮಿಸಿದರೆ ನೀನು ಮತ್ತೆ ನನ್ನ ಮಾತು ಕೇಳುತ್ತೀಯ.

ಬೆರಳಿಗೆ ಮುಲಾಮು ಹಚ್ಚಿಕೋ. ಪಾತ್ರೆ ಇಳಿಸುವಾಗ ಎಡಗೈ ಮೊದಲು ಮುಟ್ಟಿಸು.

ನಿನ್ನ ಮಾವ ಅನ್ನಿಸಿಕೊಂಡ,
ಪಿಳ್ಳಣ್ಣ

ಮರೆತಿಲ್ಲ, ಬರೆಯೋಕೆ ಆಗದೆ ಬಿಟ್ಟಿದ್ದು: ಆಸ್ಪತ್ರೆ ಕಾಗದದಲ್ಲಿ ನಿನ್ನ ನಂಬರಿನ ಬದಲು ನನ್ನ ನಂಬರು ಬರೆಸಿದ್ದೆ. ಎಲ್ಲ ನಾನೇ ನೋಡ್ಕೋತೀನಿ ಅಂದಿದ್ದೆ. ಆಪರೇಷನ್ ಆದ ಐದನೇ ತಿಂಗಳಲ್ಲಿ ಅಲ್ಲಿಂದ ಫೋನು ಬಂತು. ಹುಡುಗೀನ ಕರೆದುಕೊಂಡು ಬನ್ನಿ, ನಳಿಕೆಯೊಳಗೆ ನರ ಬೆಳೆದಿಲ್ಲ ಅಂದರೆ ಮತ್ತೆ ಬಿಚ್ಚಿ ಕಾಲಿನ ನರ ಹಾಕಬಹುದು, ಇನ್ನೂ ಕಾಲ ಮೀರಿಲ್ಲ ಅಂದರು. ಕರೆದುಕೊಂಡು ಹೋದರೆ ಕಾಲು ಬೇಡ ಅಂತ ನಾನು ಅಂದಿದ್ದು ನಿನಗೆ ತಿಳಿಯುತ್ತೆ ಅಂತ ಹೆದರಿ, ಚೆನ್ನಾಗಿದ್ದಾಳೆ ಸಾರ್, ಬೆರಳು ಜುಮ್ಮು ಅಂತಿದೆ, ನರ ಬರ್ತಿದೆ ಅಂದೆ. ಏಳನೇ ತಿಂಗಳಲ್ಲೂ ಅದನ್ನೇ ಹೇಳಿದೆ. ಆ ದಿನಗಳಲ್ಲಿ ನೀನು ಬಂದಾಗಲೆಲ್ಲ, ಆಸ್ಪತ್ರೆಯಿಂದ ಫೋನು ಬಂತಾ ಮಾವ, ಅವರು ನನ್ನನ್ನು ಮರೆತೇಬಿಟ್ಟರಾ ಅಂತ ಕೇಳುತ್ತಿದ್ದೆ. ಇಲ್ಲ ಅಂದಿದ್ದೆ. ಬಂದಿತ್ತು ಕಣಮ್ಮ. ಎರಡು ಸಲ ಬಂದಿತ್ತು.