ರೈಲಿಲ್ಲದ ದಿಬ್ಬ

ಮಾರ್ಚ್ ೩
ಎರಡು ಯೂನಿಫಾರ್ಮ್ ಹೊಲಿದು ಮುಗೀತು. ಮೂರನೇದಕ್ಕೆ ಕತ್ತರಿ ಹಾಕೋ ಹೊತ್ತಿಗೆ ಹೊರಗೆ ಗಲಾಟೆ. ಪಕ್ಕದ ಮನೆಯಾಕೆಯ ಸೊಸೆಗೆ ಹೆರಿಗೆ ನೋವು. ಆಂಬುಲೆನ್ಸ್ ಬಂತು — ದಿಬ್ಬದ ಆಚೆ ಕಡೆ. ಯಾವ ಕಾಲದಲ್ಲೋ ರೈಲಿಗೆ ಅಂತ ಹಾಕಿದ ಮಣ್ಣಿನ ದಿಬ್ಬ. ಅದರ ಹೊಟ್ಟೆಯಲ್ಲೊಂದು ಕಿಂಡಿ, ಸೈಕಲ್ ನುಗ್ಗಿದರೆ ಹೆಚ್ಚು. ಹುಡುಗೀನ ಕುರ್ಚಿ ಮೇಲೆ ಕೂರಿಸಿ, ಕೊಚ್ಚೆ ನೀರು ತುಳ್ಕೊಂಡು ಹೊತ್ತರು. ಮಗು ಕಿಂಡಿಯಲ್ಲೇ ಹುಟ್ತು. ಇಬ್ಬರೂ ಬದುಕಿದ್ದಾರೆ, ಪುಣ್ಯ.
ರೈಲು ನಿಂತು ನಲವತ್ತು ವರ್ಷ. ಹಳಿ ಗುಜರಿಗೆ ಹೋಯ್ತು. ದಿಬ್ಬ ಮಾತ್ರ ಕರೀದೆ ಬಂದ ನೆಂಟನ ಹಾಗೆ ಕೂತಿದೆ, ಏಳೋ ಮಾತಿಲ್ಲ.

ಮಾರ್ಚ್ ೬
ದಿಬ್ಬ ಕಡಿದು ರಸ್ತೆ ಮಾಡಿ ಅಂತ ಬೀದಿಯವರೆಲ್ಲ ಪುರಸಭೆಗೆ ಹೋಗಿದ್ವಿ. ಆಗಲ್ವಂತೆ. ಅದೀಗ "ಪರಂಪರೆ". ಮೇಲೆ ವಾಕಿಂಗ್ ಟ್ರ್ಯಾಕ್, ಹಳೇ ಸ್ಟೇಷನ್ನಲ್ಲಿ ಕಾಫಿ ಅಂಗಡಿ. ಅದಕ್ಕೊಂದು ಸಮಿತಿ. ಅಧ್ಯಕ್ಷ ಸೋಫಾ ಅಂಗಡಿಯವನು, ಊರಿಗೆಲ್ಲ ಬರೀ "ಸೋಫಾ". ರೈಲಿದ್ದಾಗ ಅದರ ಹೊಗೆ ಕಂಡ್ರೆ ಮೂಗು ಮುಚ್ಕೊಂಡು ಓಡ್ತಿದ್ದವನಿಗೆ ಈಗ ರೈಲಿನ ಕೂಗಿಲ್ಲದೆ ನಿದ್ದೆ ಬರಲ್ವಂತೆ. ಪಾಪ, ಯಾರಾದ್ರೂ ತೊಟ್ಟಿಲು ತೂಗಿ.
ಎಂಥಾ ರೈಲು ಅದು! ಏರು ಬಂದ್ರೆ ಜನ ಇಳಿದು ಜೊತೆಗೆ ನಡೀತಿದ್ರು.

ಮಾರ್ಚ್ ೯
ಸೋಫಾ ಮನೆಗೇ ಬಂದ, ಹೂಗುಚ್ಛ ಹಿಡ್ಕೊಂಡು. ನಮ್ಮಣ್ಣ ಆ ರೈಲಿನ ಕೊನೇ ಡ್ರೈವರ್ ಅಲ್ವಾ — ನಮ್ಮ ಗಲಾಟೆಗೆ ಪುರಸಭೆ ಹದಿನೆಂಟಕ್ಕೆ ಊರ ಸಭೆ ಕರೆದಿದೆ, ಕೈ ಎತ್ತಿಸಿ ತೀರ್ಮಾನ; ಅಲ್ಲಿ ದಿಬ್ಬದ ಪರವಾಗಿ ಎರಡು ಮಾತಾಡಬೇಕಂತೆ. ಸ್ಟೇಷನ್ ಗೋಡೆಗೆ ಆಳೆತ್ತರದ ಫೋಟೋ ಹಾಕ್ತಾರಂತೆ. ಅಣ್ಣ ಪೂರಿ ಥರ ಉಬ್ಬಿದ. ಟ್ರಂಕಿನಿಂದ ಹಳೇ ಟೋಪಿ ತೆಗೆದು ಕನ್ನಡಿ ಮುಂದೆ ನಿಂತ. ಊಟ ಬಡಿಸಿ ಎದ್ದು ಬಂದೆ. ಮಾತಾಡಿಸಲಿಲ್ಲ.

ಮಾರ್ಚ್ ೧೬
ಇನ್ನೂ ಮಾತಿಲ್ಲ. ಪಕ್ಕದ ಮನೆಯಾಕೆ ಮೊಮ್ಮಗು ಎತ್ಕೊಂಡು ಬಂದಿದ್ಲು. ಕಿಂಡಿಯಲ್ಲಿ ಏನಾಯ್ತು ಅಂತ ಅಣ್ಣ ಕೇಳಿದ. ಗೊತ್ತಿದ್ದೂ ಕೇಳ್ತಾನೆ. ಆಕೆ ಒಂದೂ ಬಿಡದೆ ಹೇಳಿದ್ಲು. ಕತ್ತಲು, ಕೊಚ್ಚೆ, ಯಾರದೋ ಪಂಚೆ ಹರಿದು ಮಗೂನ ಸುತ್ತಿದ್ದು. ಅಣ್ಣ ಬಹಳ ಹೊತ್ತು ಮಗು ಕೆಳಗಿಡಲಿಲ್ಲ.

ಮಾರ್ಚ್ ೧೮, ಸಂಜೆ
ಸಭೆ. ಅಣ್ಣ ಟೋಪಿ ಹಾಕ್ಕೊಂಡೇ ಎದ್ದ. ಮೊದಲು ಅದೇ ಪುರಾಣ — ಇಂಜಿನ್ನಿನ ಗುಣ, ತಿರುವು, ಕಲ್ಲಿದ್ದಲು. ಸೋಫಾ ತಲೆದೂಗ್ತಿದ್ದ. ನನಗೆ ಮೈಯೆಲ್ಲ ಉರಿ. ಎದ್ದು ಹೋಗೋಣ ಅಂತ ಚಪ್ಪಲಿ ಹುಡುಕ್ತಿದ್ದೆ. ಆಗ ಅಣ್ಣ ಹೇಳಿದ:
"ನಾನು ಓಡಿಸಿದ್ದು ರೈಲನ್ನ. ಮಣ್ಣನ್ನಲ್ಲ. ದಿಬ್ಬ ಕಡೀರಿ. ಕಿಂಡಿಯಲ್ಲಿ ಹೆರೋದು ನಮ್ಮ ಹೆಣ್ಣುಮಕ್ಕಳು, ನಿಮ್ಮೋರಲ್ಲ."
ಆಮೇಲೆ ಕೈ ಎತ್ತಿಸಿದ್ರು. ನಾವು ಗೆದ್ವಿ.
ಅಣ್ಣನ್ನ ಕರ್ಕೊಂಡು ಬಂದಿದ್ದ ಸೋಫಾನ ಕಾರು ವಾಪಸ್ ಬಿಡೋಕೆ ಇರಲಿಲ್ಲ. ನಡೆದೇ ಬಂದ್ವಿ. "ಆ ಟೋಪಿ ತೆಗಿ, ಜೋಕರ್ ಥರ ಕಾಣ್ತೀಯ" ಅಂದೆ.
"ಮಾತಾಡಿದೆಯಲ್ಲ, ಸಾಕು" ಅಂದ.

ಏಪ್ರಿಲ್ ೨೯
ಬೆಳಿಗ್ಗೆ ಜೆಸಿಬಿ ಬಂತು. ಸೋಫಾ ಅದರ ಮುಂದೆ ನಿಂತು ಫೋಟೋ ತೆಗೆಸ್ಕೊಂಡ. ಈಗ "ಅಭಿವೃದ್ಧಿ"ಯಂತೆ. ನಾಲಗೆಗೆ ಮೂಳೆ ಇದ್ದಿದ್ರೆ ಮುರಿದೇ ಹೋಗ್ತಿತ್ತು.
ಅಣ್ಣ ಪೇಪರ್ ತರ್ತೀನಿ ಅಂತ ಹೋದ. ಪೇಪರೂ ಇಲ್ಲ, ಅಣ್ಣನೂ ಇಲ್ಲ. ದಿಬ್ಬದ ಎದುರು ಕಲ್ಲಿನ ಮೇಲೆ ಕೂತು ಅಳ್ತಿದ್ದಾನೆ ಅಂತ ಪಕ್ಕದ ಮನೆಯಾಕೆ ಬಂದು ಹೇಳಿದ್ಲು. ಅಳ್ಲಿ. ಕಡೀರಿ ಅಂದವನು ಅವನೇ ತಾನೆ. ಮುದುಕ, ಊರೆಲ್ಲ ನೋಡ್ತಿದ್ರೆ ನಾಚಿಕೆ ಬೇಡ್ವಾ...
ಬಿಸಿಲು ಬೇರೆ. ತಲೆ ಮೇಲೆ ಏನೂ ಇಲ್ಲ. ಕೊಡೆ ಎಲ್ಲಿಟ್ಟೆ —