ಜೆಮ್ಮಿಯ ಕತ್ತು ನಿಂತ ಹೊತ್ತು

ಶಿಡ್ಲಘಟ್ಟ
14-9-2006, ಗುರುವಾರ

ಪ್ರೀತಿಯ ಅಮ್ಮನಿಗೆ,

ನಿನ್ನ ದಯಾಮಣಿ ಮಾಡುವ ವಂದನೆಗಳು. ಕಾಗದ ಬರೆಯುವಾಗ ಮೊದಲು ಮನೆಯವರೆಲ್ಲರ ಕ್ಷೇಮ ಬರೆಯಬೇಕು ಎಂದು ನೀನು ಕಲಿಸಿದ್ದೆ. ಇವತ್ತು ಅದನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ. ಇಲ್ಲದಿದ್ದರೆ ಬರೆಯುವ ಧೈರ್ಯ ಸಾಲುವುದಿಲ್ಲ.

ಸೋಮವಾರ ನೀನು ಪಕ್ಕದ ಮನೆಗೆ ಫೋನ್ ಮಾಡಿದಾಗ ನಾನು ಬರೀ "ಹ್ಞೂ ಅಮ್ಮ, ಹ್ಞೂ ಅಮ್ಮ" ಎನ್ನುತ್ತಿದ್ದೆ. ಆ ಮನೆಯ ಅಕ್ಕಯ್ಯಮ್ಮನವರು ಬೆಳ್ಳುಳ್ಳಿ ಬಿಡಿಸುತ್ತಾ ಎದುರಿಗೇ ಕೂತಿದ್ದರು, ಏನು ತಾನೇ ಹೇಳಲಿ? ಸ್ಪರ್ಧೆಗೆ ಬಂದಿದ್ದ ನಿಮ್ಮೂರಿನವರಿಂದ ಸುದ್ದಿ ತಿಳಿದು ನೀನು ಸಂತೋಷಕ್ಕೆ ಅಳುತ್ತಿದ್ದೆ. ಮಗಳು ಕ್ರೈಸ್ತ ಗೀತೆಗಳ ಸ್ಪರ್ಧೆಯಲ್ಲಿ ಆಯ್ಕೆಯಾದಳು, ಅದೇ ದಿನ ಮೊಮ್ಮಗಳ ಕತ್ತೂ ನಿಂತಿತು, ಎಲ್ಲಾ ದೇವರ ಯೋಜನೆ ಎಂದೆ. ಭಾನುವಾರ ಚಿಂತಾಮಣಿಯ ನಿಮ್ಮ ಸಭೆಯ ಆರಾಧನೆಯಲ್ಲಿ ಎದ್ದು ನಿಂತು ಸಾಕ್ಷಿಯನ್ನೂ ಹೇಳಿಬಿಟ್ಟೆಯಂತೆ. ಅಮ್ಮಾ, ನಾನು ಆಯ್ಕೆಯಾದದ್ದು ನಿಜ. ಜೆಮ್ಮಿಯ ಕತ್ತು ಮಾತ್ರ ನಿಂತಿಲ್ಲ.

ಅವಳಿಗೆ ಹನ್ನೊಂದು ತಿಂಗಳಾಯಿತು. ಹುಟ್ಟಿದಾಗ ಅವಳು ಅಳುವುದಕ್ಕೆ ತಡಮಾಡಿದ್ದು ನಿನಗೆ ಗೊತ್ತು, ನೀನೂ ಬಾಗಿಲ ಹೊರಗೇ ಇದ್ದೆ. ವ್ಯಾಯಾಮ ಮಾಡಿಸುತ್ತಿರಿ, ಕೆಲವು ಮಕ್ಕಳಿಗೆ ತಡವಾಗಿ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ ಎಂದಿದ್ದಾರೆ ಡಾಕ್ಟರು. ಮಲಗಿದಲ್ಲಿ ಹೇಗಾದರೂ ಬೋರಲಾಗಿಬಿಟ್ಟರೆ ಮುಖ ಎತ್ತಲಾರಳಲ್ಲ ಎಂಬ ಹೆದರಿಕೆಗೆ ನನ್ನ ನಿದ್ದೆ ಹೋಗಿ ಎಷ್ಟೋ ಕಾಲವಾಯಿತು. ಕಣ್ಣು ಮುಚ್ಚಿದರೂ ಕೈ ಅವಳ ಮೈಮೇಲೇ ಇರುತ್ತದೆ.

ಶನಿವಾರ ಸ್ಪರ್ಧೆಗೆಂದು ಚಿಕ್ಕಬಳ್ಳಾಪುರಕ್ಕೆ ನನ್ನ ಜೊತೆ ನಮ್ಮ ಪಾಸ್ಟರಮ್ಮ ಬಂದರು. ಬಸ್ ಹತ್ತಿದಾಗ ಮಗುವನ್ನು ಎತ್ತಿಕೊಂಡವರು ಕೆಳಗಿಡಲೇ ಇಲ್ಲ. "ನೀನ್ ನಿನ್ ಗಂಟ್ಲು ನೋಡ್ಕೊ ಕಣಮ್ಮ, ನನ್ ಬಂಗಾರು ತಲ್ಲೀನ ನಾನ್ ನೋಡ್ಕೊಂತೀನಿ" ಎಂದು ಅವಳ ನೆತ್ತಿಯ ಮೇಲೆ ಕೈಯಿಟ್ಟು ದಾರಿಯುದ್ದಕ್ಕೂ ಪ್ರಾರ್ಥಿಸಿದರು. ಅವರ ಮೇಲೆ ನನಗೆ ಕೋಪವಿಲ್ಲ. ಮುಂದಿನದನ್ನು ಓದುವಾಗ ಇದು ನಿನ್ನ ಮನಸ್ಸಿನಲ್ಲಿರಲಿ.

ಹಾಲ್ ತುಂಬಿಹೋಗಿತ್ತು. ಗೌರಿಬಿದನೂರು, ಬಾಗೇಪಲ್ಲಿ ಕಡೆಯವರೂ ಬಂದಿದ್ದರು. ಹಾಡುವ ಮೊದಲು ಎಲ್ಲರೂ ಚಿಕ್ಕದಾಗಿ ಸಾಕ್ಷಿ ಹೇಳಬೇಕಿತ್ತು, ದೇವರು ನಮ್ಮ ಬಾಳಿನಲ್ಲಿ ಏನು ಮಾಡಿದರು ಎಂದು. ಒಬ್ಬ ಕುಡಿತ ಬಿಟ್ಟದ್ದನ್ನು ಹೇಳಿದ. ಒಬ್ಬಾಕೆ ಹೊಟ್ಟೆಯ ಗಡ್ಡೆ ಕರಗಿದ್ದನ್ನು ಹೇಳಿದಳು. ಎಲ್ಲರ ಸಾಕ್ಷಿಗೂ ಒಂದು ಮುಗಿತಾಯ ಇತ್ತು, ನನ್ನದಕ್ಕೆ ಇರಲಿಲ್ಲ. ಮೈಕ್ ಹಿಡಿದು, "ನನ್ನ ಮಗಳಿಗೆ ಇನ್ನೂ ಕತ್ತು ನಿಂತಿಲ್ಲ. ಕಾಯ್ತಾ ಇದೀನಿ" ಎಂದಷ್ಟೇ ಹೇಳಿದೆ. ತೀರ್ಪುಗಾರರಲ್ಲಿ ಹಿರಿಯರೊಬ್ಬರು ಪ್ರೀತಿಯಿಂದಲೇ ಕೇಳಿದರು, "ಆಮೇಲೆ ಸಿಸ್ಟರ್? ಆಮೇಲೆ ದೇವರು ಏನ್ ಮಾಡಿದ್ರು?"

ಅಷ್ಟರಲ್ಲೇ ಹಿಂದಿನ ಸಾಲಿನಿಂದ ಪಾಸ್ಟರಮ್ಮನ ಕೂಗು ಕೇಳಿಸಿತು. "ನಿಂತೈತೆ ಬ್ರದರ್! ಇಲ್ ನೋಡ್ರಿ, ನಿಂತೈತೆ!"

ನೋಡಿದೆ. ಅವರು ಎದ್ದು ನಿಂತು ಜೆಮ್ಮಿಯನ್ನು ಶಾಲಿನಲ್ಲಿ ಸುತ್ತಿ, ಮುಂದಕ್ಕೆ ಮುಖ ಮಾಡಿಸಿ ಎತ್ತಿ ಹಿಡಿದಿದ್ದರು. ಅವಳ ತಲೆ ನೆಟ್ಟಗೆ ನಿಂತಿತ್ತು. ಬೇರೆ ಮಕ್ಕಳ ಹಾಗೆ ಆ ಹಾಲ್‌ನ ಉದ್ದಕ್ಕೂ ಕಣ್ಣು ಹಾಯಿಸಿ ನನ್ನನ್ನೇ ನೋಡುತ್ತಿದ್ದಳು. ಯಾವಾಗಲೂ ಎದೆಗೆ ಒತ್ತಿಕೊಂಡೇ ಇರುತ್ತಿದ್ದ ಗದ್ದ ಅವತ್ತು ಪೂರ್ತಿಯಾಗಿ ಕಂಡಿತು. ನಿನ್ನ ಗದ್ದವೇ ಅಮ್ಮಾ, ಅದೇ ಸಣ್ಣ ಗುಳಿ. ಹೆತ್ತ ನನಗೇ ಅದು ಗೊತ್ತಿರಲಿಲ್ಲ.

ಜನ ಚಪ್ಪಾಳೆ ತಟ್ಟಿದರು, ಹಲ್ಲೆಲೂಯ ಎಂದರು. ಕೀಬೋರ್ಡ್ ಶುರುವಾಯಿತು. ನೀನು ಕಲಿಸಿದ ತೆಲುಗು ಕೀರ್ತನೆಯನ್ನೇ ಹಾಡಿದೆ. ನಿನ್ನ ಚಿತ್ತದಂತೆ ಆಗಲಿ ಎನ್ನುವ ಚರಣ ಬಂದಾಗಲೆಲ್ಲ ಇಷ್ಟು ತಿಂಗಳೂ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತಿದ್ದೆ. ಅವತ್ತು ಬಿಡಲಿಲ್ಲ. ನನ್ನ ದನಿ ಅಷ್ಟು ಮೇಲೆ ಹೋಗುತ್ತದೆ ಎಂದೇ ನನಗೆ ತಿಳಿದಿರಲಿಲ್ಲ. ಆ ಹಾಡಿನಷ್ಟು ಹೊತ್ತು ನನ್ನ ಮಗಳಿಗೆ ಏನೂ ಆಗಿರಲಿಲ್ಲ.

ಹಾಡು ಮುಗಿದ ಕೂಡಲೇ ವೇದಿಕೆ ಇಳಿದು ಓಡಿದೆ. ಅವಳನ್ನು ಕಿತ್ತುಕೊಳ್ಳಲು ಕೈ ಚಾಚಿದರೆ ಪಾಸ್ಟರಮ್ಮ ಗಾಬರಿಯಿಂದ, "ತಡಿ ತಡಿ, ಕೈ ಕೊಡು, ಹಿಂದ್ಗಡೆ ಕೈ ಕೊಡು" ಎಂದರು. ಶಾಲಿನ ಒಳಗೆ ಅವರ ಅಂಗೈ ಇತ್ತು, ಕತ್ತಿನ ಹಿಂದೆ, ಬೆರಳೆಲ್ಲ ಅಗಲಿಸಿಕೊಂಡು. ಅದನ್ನು ಸರಿಸಿ ನನ್ನ ಕೈ ಇಟ್ಟೆ. ದಿನಾ ಬೀಳುವ ಅದೇ ಭಾರ ಕೈಗೆ ಬಂತು.

ಕೊನೆಯಲ್ಲಿ ಬೆಂಗಳೂರಿನ ಸುತ್ತಿಗೆ ಆಯ್ಕೆಯಾದವರ ಹೆಸರು ಓದಿದರು, ನನ್ನದೂ ಇತ್ತು. ವಾಪಸು ಬರುವಾಗ ಬಸ್ಸು ನಮ್ಮೂರಿಗೆ ಹತ್ತಿರವಾಗಿ, ರೇಷ್ಮೆಗೂಡು ಬೇಯಿಸುವ ವಾಸನೆ ಕಿಟಕಿಗೆ ಬಂದಮೇಲೆ, ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ.

"ಕೈ ಕೊಟ್ಟಿದ್ದು ಹೌದು ಕಣಮ್ಮ. ನಂಬ್ಕೆ ಅಂದ್ರೆ ಇನ್ನೇನು? ಆಗಾಕ್ ಮುಂಚೇನೇ ಆಯ್ತು ಅನ್ನಾದು. ನೀನ್ ಬಿ.ಎಸ್ಸಿ. ಓದಿದ್ದೇ ತೊಂದ್ರೆ ಆಯ್ತು ನೋಡು, ದೇವ್ರನ್ನೂ ಪ್ರಾಕ್ಟಿಕಲ್ ಮಾಡ್ಸಿ ನೋಡ್ತೀಯ" ಎಂದು ನಕ್ಕರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ನನ್ ಕೈಗೆ ನಿಂತಂಗೇ ಅನ್ನಿಸ್ತು ಕಣೇ, ಸತ್ಯವಾಗ್ಲೂ" ಎಂದರು. ಅದು ಸುಳ್ಳಲ್ಲ ಎಂದು ನನಗೆ ಅನ್ನಿಸುತ್ತದೆ.

ಮಂಗಳವಾರ ಸ್ಪರ್ಧೆಯವರ ಫೋನ್ ಬಂತು. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಎರಡನೇ ಸುತ್ತು, ಟಿ.ವಿ.ಗೆ ರೆಕಾರ್ಡ್ ಮಾಡುತ್ತಾರಂತೆ. "ಮಗೂನ ಮರೀದೆ ಕರ್ಕೊಂಡ್ ಬನ್ನಿ ಸಿಸ್ಟರ್. ತೊಡೆ ಮೇಲೆ ಕೂರಿಸ್ಕೊಂಡು ಎರಡು ಮಾತು ಹೇಳಿ ಸಾಕು, ನೋಡೋರಿಗೆಲ್ಲ ಬಲ ಬರುತ್ತೆ" ಎಂದರು. ನಮ್ಮ ಯಜಮಾನರಿಗೆ ಹೇಳಿದೆ. ಗೂಡಿನ ಮಾರ್ಕೆಟ್ಟಿನಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದರು. "ಅವ್ರಿಗೆ ನಿನ್ ಹಾಡು ಬೇಕೋ ಅವಳ ಕತ್ತು ಬೇಕೋ, ಮೊದ್ಲು ಕೇಳು" ಎಂದು ರೇಗಿದರು. ಊಟಕ್ಕೆ ಕೂತಾಗ ಮಾತ್ರ ತಟ್ಟೆ ನೋಡಿಕೊಂಡೇ, "ಹೋಗ್ಲಿ, ಹೋಗ್ಬಾ. ನೀನು ನಗೋದ್ ನೋಡಿ ಎಷ್ಟ್ ದಿನ ಆಯ್ತೋ" ಎಂದರು.

ಅಮ್ಮಾ, ನಾನು ಹೋಗುವುದಿಲ್ಲ. ನಿಜ ಹೇಳಿ ಒಬ್ಬಳೇ ಹೋಗಿ ಹಾಡು ಎನ್ನುತ್ತೀಯ. ಅಷ್ಟು ಜನರ ಮುಂದೆ ಪಾಸ್ಟರಮ್ಮನನ್ನು ಸುಳ್ಳುಗಾರ್ತಿ ಮಾಡಲು ನನ್ನ ಕೈಲಾಗುವುದಿಲ್ಲ. ಮಗುವನ್ನು ಕರೆದುಕೊಂಡು ಹೋದರೋ, ಯಾವುದೋ ಊರಿನಲ್ಲಿ ನನ್ನಂಥವಳೊಬ್ಬಳು ಟಿ.ವಿ. ನೋಡುತ್ತಾ ಕೂತಿರುತ್ತಾಳೆ. ನಮ್ಮನ್ನು ನೋಡಿ ನಂಬಿ, ತನ್ನ ಮಗುವಿನ ಕತ್ತಿನಿಂದ ಕೈ ತೆಗೆದು ನೋಡುತ್ತಾಳೆ. ಮಿಕ್ಕಿದ್ದನ್ನೆಲ್ಲ ತಡೆದುಕೊಂಡೇನು, ಅದೊಂದನ್ನು ತಡೆಯಲಾರೆ.

ದೇವರ ಯೋಜನೆ ಇಲ್ಲ ಎನ್ನುತ್ತಿಲ್ಲ. ಇರಬಹುದು. ಜೆಮ್ಮಿಯ ಕತ್ತು ಎಂದೂ ನಿಲ್ಲದಿರುವುದೂ ಅದರಲ್ಲೇ ಸೇರಿದ್ದರೆ ಎಂದು ಯೋಚಿಸಿದಾಗ ಪ್ರಾರ್ಥನೆ ಅರ್ಧಕ್ಕೇ ನಿಂತುಬಿಡುತ್ತದೆ. ಆದರೂ ಮತ್ತೆ ಶುರುಮಾಡುತ್ತೇನೆ. ನನ್ನಿಂದ ಆಗುವುದು ಇಷ್ಟೇ.

ಬರುವುದಿಲ್ಲ ಎಂದು ಅವರಿಗೆ ನಿನ್ನೆಯೇ ಫೋನ್ ಮಾಡಿ ಹೇಳಿಬಿಟ್ಟೆ. ನಿಮ್ಮ ಸಭೆಯವರು ಬೆಂಗಳೂರಿಗೆ ಟೆಂಪೊ ಮಾತಾಡಿದ್ದರೆ ಬೇಡವೆನ್ನು. ನೀನು ಹೇಳಿದ ಸಾಕ್ಷಿಯನ್ನು ನೀನೇ ಎದ್ದು ಸರಿಮಾಡಬೇಕು. ನಿನಗೆ ಎಷ್ಟು ಕಷ್ಟ ಎಂದು ಗೊತ್ತು. ಪಾಸ್ಟರಮ್ಮನ ಹೆಸರು ಎತ್ತಬೇಡ. ಇನ್ನೂ ನಿಂತಿಲ್ಲ, ಪ್ರಾರ್ಥನೆ ಮಾಡಿ ಎಂದಷ್ಟೇ ಹೇಳು.

ಜೆಮ್ಮಿ ಎದ್ದಳು. ಅವಳ ವ್ಯಾಯಾಮದ ಹೊತ್ತಾಯಿತು.

ನಿನ್ನ ಮಗಳು,
ದಯಾ

ವಿ.ಸೂ.: ಫೋನ್ ಮಾಡಿ ಹೇಳಿಬಿಟ್ಟೆ ಎಂದು ಬರೆದದ್ದು ಸುಳ್ಳು ಅಮ್ಮಾ. ಫೋನ್ ಮಾಡಲೆಂದೇ ಎರಡು ಸಲ ಅಕ್ಕಯ್ಯಮ್ಮನವರ ಮನೆಗೆ ಹೋಗಿ, ಸಕ್ಕರೆ ಇಸಿದುಕೊಂಡು ವಾಪಸು ಬಂದೆ. ಅವಳು ಹಾಗೆ ತಲೆಯೆತ್ತಿ ನೋಡುತ್ತಿರಬೇಕು, ನಾನು ಹಾಗೆ ಇನ್ನೊಂದೇ ಒಂದು ಸಲ ಹಾಡಬೇಕು ಎಂದು ಜೀವ ಬಡಿದುಕೊಳ್ಳುತ್ತದೆ, ಹಿಂದೆ ಇರುವ ಕೈ ಯಾರದ್ದಾದರೂ ಆಗಲಿ. ಭಾನುವಾರ ಫೋನ್ ಮಾಡಿದಾಗ ನನ್ನನ್ನು ಎಷ್ಟು ಬೇಕಾದರೂ ಬೈಯಿ. ಹೋಗು ಅಂತ ಮಾತ್ರ ಹೇಳಬೇಡ. ನೀನು ಹೇಳಿದರೆ ಹೋಗಿಬಿಡುತ್ತೇನೆ.